ಬೋರ್ಡಿನ ಮೇಲಿನ ತಮ್ಮ

"ಮೇಷ್ಟ್ರು ಇಲ್ವಾ?" ಎಂದು ಅವಳು ಕೇಳಿದ್ದು ಮೇಷ್ಟ್ರನ್ನೇ.

ಡ್ರೈವಿಂಗ್ ಸ್ಕೂಲಿನ ಮುಂದೆ ಕಾರಿನ ಗಾಜು ಒರೆಸುತ್ತಿದ್ದ ಮೇಷ್ಟ್ರು ತಿರುಗಿ ನೋಡಿದರು. ಉದ್ದ ಜಡೆ, ಹೆಗಲಿಗೊಂದು ಚೀಲ, ನಗುವುದೋ ಬೇಡವೋ ಎಂದು ಇನ್ನೂ ತೀರ್ಮಾನಿಸದ ತುಟಿ. ಕೈಯಲ್ಲಿದ್ದ ಒದ್ದೆ ಬಟ್ಟೆಯಿಂದ ಅವರು ತಮ್ಮ ಹಣೆಯನ್ನೇ ಒರೆಸಿಕೊಂಡರು.

ಅವಳು ತಲೆಯೆತ್ತಿ ಬೋರ್ಡು ನೋಡಿದಳು. ಅಲ್ಲಿ ಸ್ಟೀರಿಂಗ್ ಹಿಡಿದು ಕೂತಿದ್ದ ಮೇಷ್ಟ್ರಿಗೆ ಒಳಸೇರಿದ ಕೆನ್ನೆ, ಕನ್ನಡಕ, ಒಪ್ಪವಾದ ಮೀಸೆ, ಚೂಪು ಗಲ್ಲ. ಆಮೇಲೆ ಕೆಳಗೆ ನಿಂತಿದ್ದವರನ್ನು ನೋಡಿದಳು. ಇಲ್ಲಿ ಗಲ್ಲ ಎಲ್ಲಿ ಮುಗಿಯಿತು, ಕುತ್ತಿಗೆ ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟವಿತ್ತು. ಮತ್ತೆ ಬೋರ್ಡು ನೋಡಿದಳು.

"ಅಲ್ಲ, ಇವರು..." ಎಂದು ಬೆರಳು ತೋರಿಸಿದಳು.

ಹಿಂದಿನ ವರ್ಷ ಮೇಷ್ಟ್ರ ಕೀಲುಗಳು ಒಂದೊಂದಾಗಿ ಮುಷ್ಕರ ಹೂಡಿದ್ದವು. ಸಂಧಿವಾತ ಎಂದರು ಡಾಕ್ಟರಮ್ಮ. ಸ್ಟೆರಾಯ್ಡ್ ಮಾತ್ರೆ ಕೊಟ್ಟರು. ಕೀಲುಗಳು ಕೆಲಸಕ್ಕೆ ಮರಳಿದವು, ಆದರೆ ಕೆನ್ನೆಗಳು ಉಬ್ಬಿ ಮುಖ ಹುಣ್ಣಿಮೆಯ ಚಂದ್ರನಾಯಿತು. ಅದು ಮಾತ್ರೆಯ ಗುಣ, ಡೋಸ್ ಇಳಿದ ಹಾಗೆ ಇಳಿಯುತ್ತೆ ಎಂದಿದ್ದರು ಡಾಕ್ಟರಮ್ಮ. ಬೀದಿಯ ಜನಕ್ಕೆ ಇದನ್ನೆಲ್ಲ ಹೇಳುವವರು ಯಾರು? "ಯಾವ ಅಂಗಡಿ ಅಕ್ಕಿ ಮೇಷ್ಟ್ರೇ, ನಮಗೂ ಸ್ವಲ್ಪ ಹೇಳಿ" ಎಂದು ದಾರಿಯಲ್ಲಿ ಹೋಗುವವರು ಕೇಳಿ ಕೇಳಿ ಅವರಿಗೆ ಸಾಕಾಗಿ ಹೋಗಿತ್ತು. ಈಗ ಇವಳೂ ಅದನ್ನೇ ಕೇಳುತ್ತಾಳೆ ಎಂದುಕೊಂಡದ್ದೇ ತಡ, ಬಾಯಿ ತನ್ನ ಪಾಡಿಗೆ ತಾನು ಹೇಳಿಬಿಟ್ಟಿತು:

"ಅವನು ನನ್ನ ತಮ್ಮ."

"ಓ! ಎಲ್ಲಿದಾರೆ?"

"ಹಡಗಿನಲ್ಲಿ."

"ಡ್ರೈವಿಂಗ್ ಸ್ಕೂಲ್ ಬೋರ್ಡಿನ ಮೇಲೆ ಹಡಗಿನವರ ಫೋಟೋ ಯಾಕೆ?"

"ಸ್ಕೂಲ್ ಶುರು ಮಾಡಿದ್ದು ಅವನೇ. ಆಮೇಲೆ... ನೀರು ಕರೀತು."

ಒಳಗೆ ಆಫೀಸಿನ ಮೇಜಿನ ಹಿಂದೆ ಕೂತಿದ್ದ ಮೇಷ್ಟ್ರ ಅಕ್ಕ ಕೆಮ್ಮತೊಡಗಿದಳು. ಆ ಕೆಮ್ಮು ಬೇಗ ನಿಲ್ಲಲಿಲ್ಲ.

ಬಂದವಳಿಗೆ ಮುಂದಿನ ತಿರುವಿನಲ್ಲಿ ಕನ್ನಡಕದಂಗಡಿ. ಬೇರೆ ಕಡೆ ಡ್ರೈವಿಂಗ್ ಕಲಿತು ಟೆಸ್ಟಿನಲ್ಲಿ ಫೇಲಾಗಿದ್ದಳು. ಕಾರಣ ಬ್ರೇಕು. ಎದುರಿಗೆ ಬೆಕ್ಕಿನ ನೆರಳು ಕಂಡರೂ ಒದ್ದುಬಿಡುತ್ತಿದ್ದಳು. ಕಳೆದ ಸಲ ಟೆಸ್ಟು ತೆಗೆದುಕೊಳ್ಳಲು ಬಂದ ಇನ್‌ಸ್ಪೆಕ್ಟರ ಟೋಪಿ ಹಾರಿ ಮುಂದಿನ ಗಾಜಿಗೆ ಬಡಿದಿತ್ತಂತೆ.

"ಬ್ರೇಕು ಒದೆಯೋಕಲ್ಲ, ಒತ್ತೋಕೆ" ಎಂದು ಮೇಷ್ಟ್ರು ಮೊದಲ ದಿನವೇ ಪಾಠ ಶುರು ಮಾಡಿದರು. "ಮಲಗಿರೋ ಮಗು ಪಕ್ಕ ನಡೆದು ಹೋಗ್ತೀವಲ್ಲ, ಹಾಗೆ. ಯಾವುದನ್ನೂ ದಿಢೀರ್ ಅಂತ ನಿಲ್ಲಿಸಬಾರದು. ಓಡ್ತಾ ಇರೋದಕ್ಕೆ ನಿಲ್ಲೋಕೆ ಸಮಯ ಕೊಡಬೇಕು."

"ಎಷ್ಟು ಚೆನ್ನಾಗಿ ಹೇಳ್ತೀರಿ! ನಿಮ್ಮ ತಮ್ಮನೂ ಹೀಗೇ ಹೇಳಿಕೊಡ್ತಿದ್ರಾ?"

ಅಲ್ಲಿಂದ ಶುರುವಾಯಿತು ನೋಡಿ. ಮೊದಲನೇ ಗೇರಿಗೊಂದು ತಮ್ಮ, ಎರಡನೇ ಗೇರಿಗೊಂದು ತಮ್ಮ. ತಮ್ಮನಿಗೆ ಈಜು ಬರುತ್ತಾ? ತಮ್ಮನಿಗೆ ಹಾಡು ಇಷ್ಟವಾ? ತಮ್ಮನಿಗೆ ಮದುವೆ ಆಗಿದೆಯಾ?

"ಇಲ್ಲ. ಆಗೋದೂ ಇಲ್ಲ" ಎಂದರು ಮೇಷ್ಟ್ರು. "ಸಿಡುಕ. ಸಿಕ್ಕಾಪಟ್ಟೆ ಗೊರಕೆ ಹೊಡೀತಾನೆ."

"ಪಾಪ. ಗಲ್ಲ ನೋಡಿದ್ರೆ ಹಾಗನ್ಸಲ್ಲ."

ಒಂದು ಸುಳ್ಳು ಮುಚ್ಚಲು ನೂರು ಸುಳ್ಳು ಬೇಕು ಎನ್ನುತ್ತಾರೆ. ಮೇಷ್ಟ್ರು ನೂರನ್ನು ದಾಟಿ ಬಹಳ ದೂರ ಹೋಗಿದ್ದರು. ಅದಕ್ಕಿಂತ ದೊಡ್ಡ ಕಷ್ಟವೆಂದರೆ, ಈ ಹೊತ್ತಿಗೆ ಅವರಿಗೆ ಅವಳೆಂದರೆ ಪ್ರಾಣವಾಗಿತ್ತು. ಗೇರ್ ಸಿಕ್ಕದಿದ್ದಾಗ ಅವಳು ನಾಲಿಗೆಯ ತುದಿ ಕಚ್ಚಿಕೊಳ್ಳುತ್ತಿದ್ದಳು. ತಪ್ಪು ಮಾಡಿದಾಗ ಕಾರಿಗೇ "ಸಾರಿ ಕಣಮ್ಮ" ಎನ್ನುತ್ತಿದ್ದಳು. ಹಿಂದಿನ ರಸ್ತೆ ನೋಡುವ ಕನ್ನಡಿಯನ್ನು ದಿನಾ ಒಂದಿಷ್ಟು ಎಡಕ್ಕೆ ವಾಲಿಸಿ, ಅದರಲ್ಲಿ ಪಕ್ಕದ ಸೀಟಿನ ಮೇಷ್ಟ್ರನ್ನು ನೋಡುತ್ತಿದ್ದಳು.

"ಆ ಕನ್ನಡಿ ಇರೋದು ಹಿಂದೆ ಏನು ಬರ್ತಿದೆ ಅಂತ ನೋಡೋಕೆ" ಎನ್ನುತ್ತಿದ್ದರು ಮೇಷ್ಟ್ರು.

"ಹಿಂದೆ ಏನೂ ಬರ್ತಿಲ್ಲ" ಎನ್ನುತ್ತಿದ್ದಳು ಅವಳು, ಕಣ್ಣು ತೆಗೆಯದೆ.

ತನ್ನಲ್ಲಿ ತಮ್ಮನ ಹೋಲಿಕೆ ಹುಡುಕುತ್ತಿದ್ದಾಳೆ ಎಂದೇ ಮೇಷ್ಟ್ರು ನಂಬಿದರು. ಜಗತ್ತಿನಲ್ಲಿ ಯಾರ ಯಾರ ಮೇಲೋ ಹೊಟ್ಟೆಕಿಚ್ಚು ಪಡುವವರಿದ್ದಾರೆ. ತನ್ನ ಹಳೆಯ ಮುಖದ ಮೇಲೆಯೇ ಹೊಟ್ಟೆಕಿಚ್ಚು ಪಟ್ಟು ಅನ್ನ ಬಿಟ್ಟವರು ಇವರೊಬ್ಬರೇ ಇರಬೇಕು.

ಟೆಸ್ಟಿನ ದಿನ ಗೊತ್ತಾಯಿತು. ಆಮೇಲೆ ಕ್ಲಾಸಿಲ್ಲ, ಕಾರಿಲ್ಲ, ಕನ್ನಡಿಯಿಲ್ಲ. ಹೇಳುವುದಿದ್ದರೆ ಅಷ್ಟರೊಳಗೇ ಹೇಳಬೇಕು. ಈ ಮುಖ ಹೊತ್ತುಕೊಂಡು ಹೇಳುವುದು ಹೇಗೆ? ಟೆಸ್ಟಿನ ದಿನ ಬೆಳಿಗ್ಗೆ ಚೂಪು ಗಲ್ಲದೊಂದಿಗೆ ಅವಳ ಮುಂದೆ ಹೋಗಿ ನಿಂತು, "ತಮ್ಮ ಅನ್ನೋನು ಯಾರೂ ಇಲ್ಲ, ಅದು ನಾನೇ" ಎನ್ನುವುದೆಂದು ಮೇಷ್ಟ್ರು ನಿಶ್ಚಯಿಸಿದರು.

ದಿನಕ್ಕೆ ನಾಲ್ಕು ಮಾತ್ರೆ ನಡೆಯುತ್ತಿತ್ತು. ಅರ್ಧರ್ಧ ಮಾತ್ರೆಯಾಗಿ, ಪ್ರತಿ ಸಲವೂ ತನ್ನನ್ನು ಕೇಳಿ, ತಿಂಗಳುಗಟ್ಟಲೆ ಇಳಿಸಬೇಕು ಎಂದು ಡಾಕ್ಟರಮ್ಮ ಕಟ್ಟುನಿಟ್ಟಾಗಿ ಹೇಳಿದ್ದರು. ಆದರೆ ಇಡೀ ಜೀವನ ಗೇರ್ ಬದಲಿಸಿದ ಕೈ ಅದು. ನಾಲ್ಕರಿಂದ ಮೂರು, ಮೂರರಿಂದ ಎರಡು, ಎರಡರಿಂದ ಒಂದು, ಆಮೇಲೆ ನ್ಯೂಟ್ರಲ್. ಕೆಂಪು ದೀಪ ಕಂಡಾಗ ಮಾಡುವುದು ಇದನ್ನೇ ಅಲ್ಲವೇ? ಇದರಲ್ಲಿ ಡಾಕ್ಟರನ್ನು ಕೇಳುವುದೇನಿದೆ ಎಂದುಕೊಂಡು ಗೇರ್ ಇಳಿಸುತ್ತಾ ಬಂದರು. ಅಕ್ಕನಿಗೂ ಹೇಳಲಿಲ್ಲ.

ಮೊದಮೊದಲು ಏನೂ ಆಗಲಿಲ್ಲ. ಬೆಳಿಗ್ಗೆ ಎದ್ದು ಕನ್ನಡಿಯ ಮುಂದೆ ಕೆನ್ನೆಯನ್ನು ಒಳಗೆಳೆದುಕೊಂಡು, ಇಳಿದಿದೆ ಎಂದು ತಾವೇ ಸರ್ಟಿಫಿಕೇಟು ಕೊಟ್ಟುಕೊಂಡರು. ಮಂಡಿ ಗೊಣಗಿತು. ಚಳಿ ಎಂದುಕೊಂಡರು. ಮಣಿಕಟ್ಟು ಗೊಣಗಿತು. ಮಲಗಿದ ಭಂಗಿ ಸರಿಯಿಲ್ಲ ಎಂದುಕೊಂಡರು. ಒಂದು ದಿನ ಕೂತಲ್ಲಿಂದ ಎದ್ದಾಗ ಕಣ್ಣು ಕತ್ತಲೆ ಬಂದು ಕಾರಿನ ಬಾನೆಟ್ಟನ್ನು ಅಪ್ಪಿಕೊಂಡು ನಿಂತರು.

"ಮೇಷ್ಟ್ರೇ, ಹುಷಾರಿದೀರಾ?" ಎಂದು ಅವಳು ಓಡಿ ಬಂದಳು.

"ಇಂಜಿನ್ ಬಿಸಿ ಇದೆಯಾ ಅಂತ ನೋಡ್ತಿದ್ದೆ" ಎಂದರು ಮೇಷ್ಟ್ರು.

ಟೆಸ್ಟಿನ ದಿನ ಬೆಳಗಾಯಿತು. ಇಳಿಯಬೇಕಾದ ಕೆನ್ನೆ ಇಳಿದಿರಲಿಲ್ಲ. ಊದಿಕೊಂಡಿದ್ದು ಬೆರಳಿನ ಗೆಣ್ಣುಗಳು. ಮಂಡಿಗಳು ಬಾಗಿಲಿನ ತುಕ್ಕು ಹಿಡಿದ ತಿರುಗಣಿಯಂತೆ ಕಿರುಗುಟ್ಟುತ್ತಿದ್ದವು, ಮೈಯಲ್ಲಿ ಕಡ್ಡಿ ಎತ್ತುವಷ್ಟೂ ಶಕ್ತಿಯಿರಲಿಲ್ಲ. ಹೊಟ್ಟೆ ತೊಳಸುತ್ತಿತ್ತು. ಆಫೀಸಿನ ಹಿಂದಿನ ತಮ್ಮ ಕೋಣೆಯಲ್ಲಿ ಮಂಚದಿಂದ ಬಾಗಿಲ ತನಕ ಗೋಡೆ ಹಿಡಿದುಕೊಂಡು ಬರುವಷ್ಟರಲ್ಲಿ ಮೇಷ್ಟ್ರಿಗೆ ಸಾಕುಸಾಕಾಗಿ ಹೋಯಿತು. ಬಂದು ನೋಡಿದರೆ, ರಾತ್ರಿ ಒಳಗಿನಿಂದ ಬೀಗ ಹಾಕಿದ್ದ ಬಾಗಿಲಿನ ಗುಂಡು ಹಿಡಿ ತಿರುಗುತ್ತಿಲ್ಲ. ಹಿಡಿಯಲ್ಲಿ ದೋಷವಿರಲಿಲ್ಲ, ಹಿಡಿಯುವ ಕೈಯಲ್ಲಿತ್ತು.

ಹೊರಗಿನಿಂದ ಬಾಗಿಲು ಬಡಿದ ಸದ್ದು. "ಮೇಷ್ಟ್ರೇ, ಟೆಸ್ಟಿಗೆ ಹೊತ್ತಾಯ್ತು!"

ಮೇಷ್ಟ್ರು ಎರಡೂ ಅಂಗೈಗಳ ನಡುವೆ ಹಿಡಿಯನ್ನು ಒತ್ತಿ ನೋಡಿದರು. ಟವೆಲ್ ಸುತ್ತಿ ನೋಡಿದರು. ಮೊಣಕೈಗಳ ನಡುವೆ ಸಿಕ್ಕಿಸಿ ಇಡೀ ಮೈ ತಿರುಗಿಸಿ ನೋಡಿದರು. ಹಿಡಿ ಅಲ್ಲೇ ಇತ್ತು, ಮೇಷ್ಟ್ರು ಮಾತ್ರ ತಿರುಗಿದರು.

"ಬಾಗಿಲು ತೆಗೀರಿ" ಎಂದಳು ಅವಳು.

"ಆಗಲ್ಲ."

"ಆಗಲ್ಲ ಅಂದ್ರೆ?"

"ಆಗಲ್ಲ ಅಂದ್ರೆ ಆಗಲ್ಲ. ನೀವು ಹೋಗಿ."

ಆಚೆಯಿಂದ ಬಂದ ದನಿಯಲ್ಲಿ ಎಂದಿನ ತಂಟೆಯಿರಲಿಲ್ಲ. "ನಾನೇನಾದ್ರೂ ತಪ್ಪು ಮಾಡಿದ್ನಾ? ಮುಖ ನೋಡೋಕೂ ಬೇಡ್ವಾ ನಿಮಗೆ?"

ಬಾಗಿಲಿಗೆ ಹಣೆ ಆನಿಸಿ ನಿಂತಿದ್ದ ಮೇಷ್ಟ್ರಿಗೆ ಅಳು ಬಂತು. ಈ ಮುಖ ಅವಳಿಗೆ ಕಾಣಬಾರದೆಂದು ಎಷ್ಟೆಲ್ಲ ಮಾಡಿದರೂ, ಕೊನೆಗೆ ಅವಳ ಮುಖವೇ ತಮಗೆ ಬೇಡ ಎಂಬಂತಾಯಿತಲ್ಲ!

"ಕೈ ತಿರುಗ್ತಿಲ್ಲ ಕಣ್ರೀ" ಎಂದರು. "ಕೈ ಮುಷ್ಟಿ ಕಟ್ಟೋಕಾಗ್ತಿಲ್ಲ. ಕಾಲೂ ಬರ್ತಿಲ್ಲ. ಅಕ್ಕನ್ನ ಕರೀರಿ."

ಮಹಡಿಯ ಮೇಲಿದ್ದ ಅಕ್ಕ ಇನ್ನೊಂದು ಕೀಲಿಕೈ ಹಿಡಿದು ದಡದಡನೆ ಇಳಿದು ಬಂದಳು. ಬಾಗಿಲು ತೆರೆದು, ತಮ್ಮನನ್ನು ಕುರ್ಚಿಗೆ ಕೂರಿಸಿ, ಕಿಟಕಿಯ ಮೇಲಿದ್ದ ತುಂಬಿದ ಮಾತ್ರೆಪಟ್ಟಿ ನೋಡಿದಳು. ಒಂದು ಕ್ಷಣದಲ್ಲಿ ಅವಳಿಗೆ ಎಲ್ಲ ಅರ್ಥವಾಯಿತು.

"ನಿಲ್ಲಿಸಿಬಿಟ್ಯಾ? ಊರಿಗೆಲ್ಲ ಮೆಲ್ಲಗೆ ಮೆಲ್ಲಗೆ ಅಂತೀಯ. ಹೇಳೋದು ಪುರಾಣ, ತಿನ್ನೋದು ಬದನೆಕಾಯಿ!"

"ಅಕ್ಕಾ, ಆಮೇಲೆ ಬೈಯಿ."

"ಆಮೇಲೂ ಬೈತೀನಿ" ಎಂದು ಅಕ್ಕ ಡಾಕ್ಟರಮ್ಮನಿಗೆ ಫೋನ್ ಮಾಡಿದಳು. ಈಗಲೇ ಕರೆದುಕೊಂಡು ಬನ್ನಿ, ಭಯಕ್ಕೆ ಬಿದ್ದು ಮಾತ್ರೆಗಳನ್ನು ಒಟ್ಟಿಗೆ ನುಂಗಲು ಮಾತ್ರ ಬಿಡಬೇಡಿ ಎಂದರು ಅವರು. ಈಗಲೇ ಎಂದರೆ ಹೇಗೆ? ಡ್ರೈವಿಂಗ್ ಸ್ಕೂಲಿನ ಆಫೀಸನ್ನು ಇಷ್ಟು ವರ್ಷ ನಡೆಸಿದ ಅಕ್ಕ ಒಂದು ದಿನವೂ ಸ್ಟೀರಿಂಗ್ ಮುಟ್ಟಿದವಳಲ್ಲ. ಕಾರೆಂದರೆ ಅವಳಿಗೆ ವಾಂತಿ.

"ನಾನು ಓಡಿಸ್ತೀನಿ" ಎಂದಳು ಕನ್ನಡಕದಂಗಡಿಯವಳು.

"ನಿಮ್ಮ ಟೆಸ್ಟು..." ಎಂದರು ಮೇಷ್ಟ್ರು.

"ಸುಮ್ನಿರಿ. ಬೆಲ್ಟ್ ಹಾಕ್ತೀನಿ, ಕೈ ಎತ್ತಿ." ಎತ್ತಲಾಗುತ್ತಿಲ್ಲ ಎಂದು ನೆನಪಾಗಿ ಅವಳೇ ಅವರ ಕೈಯನ್ನು ಮೊಟ್ಟೆಯಂತೆ ಎತ್ತಿ ಪಕ್ಕಕ್ಕಿಟ್ಟಳು. ಬೆಲ್ಟು ಹಾಕುವಾಗ ಅವಳ ಜಡೆ ಅವರ ಉಬ್ಬಿದ ಕೆನ್ನೆಗೆ ತಾಗಿತು. ಅಷ್ಟು ನೋವಿನಲ್ಲೂ ಮೇಷ್ಟ್ರಿಗೆ ಅದು ಗೊತ್ತಾಯಿತು.

ಕಲಿಸುವ ಕಾರಿನಲ್ಲಿ ಮೇಷ್ಟ್ರ ಕಾಲಡಿಗೂ ಒಂದು ಬ್ರೇಕು ಇರುತ್ತದೆ. ಇಷ್ಟು ದಿನ ಅವಳಿಗೆ ಧೈರ್ಯ ಕೊಟ್ಟಿದ್ದು ಅದೇ. ಅವಳು ಕೀಲಿ ತಿರುಗಿಸುವ ಮುನ್ನ ಆ ಕಡೆ ನೋಡಿದಳು.

"ನಿಮ್ಮ ಬ್ರೇಕು?"

"ಇವತ್ತು ರಜೆ."

ಹಿಂದಿನ ಸೀಟಿನಲ್ಲಿ ಅಕ್ಕ ಕಣ್ಣು ಮುಚ್ಚಿಕೊಂಡಳು.

ಕಾರು ಹೊರಟಿತು. ನಾಲ್ಕು ರಸ್ತೆ ಸೇರುವಲ್ಲಿ ಒಬ್ಬ ತಲೆಯ ಮೇಲೆ ಹಾಸಿಗೆ ಹೊತ್ತುಕೊಂಡು, ಅದರ ಅಂಚು ಕಣ್ಣಿಗಿಳಿದು, ಎಡ ಬಲ ನೋಡದೆ ರಸ್ತೆಗಿಳಿದುಬಿಟ್ಟ. "ಬ್ರೇ..." ಎಂದರು ಮೇಷ್ಟ್ರು. ಅವರ ಕಾಲು ಅಲುಗಲಿಲ್ಲ. ಅವಳು ನಾಲಿಗೆಯ ತುದಿ ಕಚ್ಚಿಕೊಂಡಳು. ಕಾರು ಜಗ್ಗಲಿಲ್ಲ, ಕಿರುಚಲಿಲ್ಲ, ಮಲಗಿದ ಮಗುವಿನ ಪಕ್ಕ ಬಂದಂತೆ ಬಂದು ನಿಂತಿತು. ಹಾಸಿಗೆ ತನ್ನ ದಾರಿ ಹಿಡಿದು ಹೋಯಿತು.

"ಪಾಸ್" ಎಂದರು ಮೇಷ್ಟ್ರು, ನೋವು ಮರೆತು. ಅವಳು ಉಸಿರು ಬಿಟ್ಟು, "ಮಾತಾಡಿಸಬೇಡಿ, ಬಿದ್ದುಹೋಗ್ತೀನಿ" ಎಂದಳು.

ಡಾಕ್ಟರಮ್ಮ ಗೆಣ್ಣು ಒತ್ತಿ, ಮಂಡಿ ಮಡಿಸಿ, ಮಲಗಿಸಿ ಕೂರಿಸಿ ನಿಲ್ಲಿಸಿ ಬೀಪಿ ನೋಡಿದರು. ಅಕ್ಕ ಒಂದು ಕಡೆ, ಅವಳು ಒಂದು ಕಡೆ ನಿಂತಿದ್ದರು.

"ಹೇಗೆ ಇಳಿಸಿದ್ರಿ?"

"ಗೇರ್ ಇಳಿಸಿದ ಹಾಗೆ."

"ಓಹೋ. ಇಳಿಜಾರಿನಲ್ಲಿ ಗಾಡಿನ ನ್ಯೂಟ್ರಲ್‌ಗೆ ಹಾಕಿ ಬಿಡು ಅಂತ ನಿಮ್ಮ ಹುಡುಗರಿಗೆ ಹೇಳಿಕೊಡ್ತೀರಾ ಮೇಷ್ಟ್ರೇ?"

ಮೇಷ್ಟ್ರು ತಲೆ ತಗ್ಗಿಸಿದರು.

"ನೋಡಿ, ಈ ಮಾತ್ರೆ ಮಾಡೋ ಕೆಲಸನ ನಿಮ್ಮ ದೇಹ ತಾನೇ ಸ್ವಲ್ಪ ಮಾಡ್ತಿತ್ತು. ಹೊರಗಿಂದ ಬರುತ್ತಲ್ಲ ಅಂತ ಅದು ಮಲಗಿದೆ. ಮೆಲ್ಲಗೆ ಎಬ್ಬಿಸಬೇಕು. ನೀವು ದಿಢೀರ್ ಅಂತ ಕೈಬಿಟ್ರೆ ಅದೂ ಇಲ್ಲ, ಇದೂ ಇಲ್ಲ. ತಲೆ ಸುತ್ತಿದ್ದು ಅದಕ್ಕೇ. ಅತ್ತ ಸಂಧಿವಾತಕ್ಕೆ ತಡೆಯೋರಿಲ್ಲ, ಎದ್ದು ಕೂತಿದೆ. ಇವತ್ತು ರಕ್ತ ಪರೀಕ್ಷೆ ಮಾಡ್ತೀನಿ, ಒಂದಿಷ್ಟು ಹೊತ್ತು ಇಲ್ಲೇ ಇರಿ. ಯಾವ ಡೋಸಿನಲ್ಲಿ ಚೆನ್ನಾಗಿದ್ರೋ ಅಲ್ಲಿಗೇ ವಾಪಸ್. ಇನ್ಮೇಲೆ ನಾನು ಹೇಳದೆ ಚೂರೂ ಕಡಿಮೆ ಮಾಡೋ ಹಾಗಿಲ್ಲ." ಡಾಕ್ಟರಮ್ಮ ಕನ್ನಡಕದ ಮೇಲಿನಿಂದ ನೋಡಿದರು. "ಅಲ್ಲ, ಏನಿತ್ತು ಅಷ್ಟು ಆತುರ?"

"ಮುಖ ಇಳೀಲಿ ಅಂತ."

"ಯಾರಿಗೋಸ್ಕರ?"

ಅಕ್ಕ ಸೂರು ನೋಡಿದಳು. ಮೇಷ್ಟ್ರು ನೆಲ ನೋಡಿದರು. ಡಾಕ್ಟರಮ್ಮ ಮಾತ್ರ, ಕಿವಿ ಕೆಂಪಾಗಿ ನಿಂತಿದ್ದವಳನ್ನು ನೋಡಿ, "ಸರಿ ಸರಿ, ರಕ್ತ ಕೊಟ್ಟು ಬನ್ನಿ" ಎಂದರು.

ಆಮೇಲೆ ಮೇಷ್ಟ್ರನ್ನು ಒಂದು ಮಂಚದ ಮೇಲೆ ಮಲಗಿಸಿದರು. ಅಕ್ಕ ಔಷಧಿ ತರುವ ನೆಪದಲ್ಲಿ ಹೊರಗೆ ಹೋದಳು. ಔಷಧಿ ಅಷ್ಟು ಹೊತ್ತಿಗಾಗಲೇ ಅವಳ ಚೀಲದಲ್ಲಿತ್ತು.

"ನಿಮಗೊಂದು ವಿಷಯ ಹೇಳಬೇಕು" ಎಂದರು ಮೇಷ್ಟ್ರು. "ನನಗೆ ತಮ್ಮ ಇಲ್ಲ."

"ಗೊತ್ತು."

"ಯಾವಾಗ ಗೊತ್ತಾಯ್ತು?"

"ಮೊದಲ ದಿನವೇ. ನನ್ನ ಕೆಲಸ ಏನು ಮೇಷ್ಟ್ರೇ? ಬೋರ್ಡಿನ ಮೇಲಿರೋರು ಹಾಕ್ಕೊಂಡಿರೋ ಕನ್ನಡಕನೇ ನೀವೂ ಹಾಕ್ಕೊಂಡಿದೀರಿ. ಫೋಟೋದಲ್ಲೂ ಎಡಕ್ಕೆ ಓರೆ, ಇಲ್ಲೂ ಎಡಕ್ಕೆ ಓರೆ. ಕೆನ್ನೆ ಊದಬಹುದು, ಕಿವಿ ಜಾಗ ಬಿಟ್ಟು ಹೋಗುತ್ತಾ? ಹಡಗಿಗೆ ಹೋಗೋವಾಗ ತಮ್ಮ ಕನ್ನಡಕನೂ ಕಿವಿನೂ ನಿಮಗೆ ಕೊಟ್ಟು ಹೋದ್ರಾ?"

ಮೇಷ್ಟ್ರಿಗೆ ಮಂಚದ ಕೆಳಗೆ ತೂರಿಕೊಳ್ಳೋಣ ಎನ್ನಿಸಿತು. ಮಂಡಿ ಬಗ್ಗುತ್ತಿರಲಿಲ್ಲ.

"ಮತ್ತೆ ದಿನಾ ಯಾಕೆ ಕೇಳ್ತಿದ್ರಿ ಅವನ ವಿಷಯ?"

"ನೀವು ಅಷ್ಟು ಚೆನ್ನಾಗಿ ಸುಳ್ಳು ಹೇಳ್ತಿದ್ರಿ. ಕೇಳೋಕೆ ಖುಷಿಯಾಗ್ತಿತ್ತು." ಹೇಳುತ್ತ ಹೇಳುತ್ತ ಅವಳು ಮುಖ ಆಚೆ ತಿರುಗಿಸಿದಳು. "ನಾನು ಅಲ್ಲಿ ಕೂತು ತಮಾಷೆ ಮಾಡ್ತಿದ್ದೆ, ನೀವು ಇಲ್ಲಿ ಮಾತ್ರೆ ಬಿಡ್ತಿದ್ರಿ. ನಿಮಗೇನಾದ್ರೂ ಆಗಿದ್ರೆ? ಆ ಬೋರ್ಡಿನ ಮುಖ ನನಗೆ ಯಾವತ್ತೂ ಇಷ್ಟವಾಗ್ಲಿಲ್ಲ ಮೇಷ್ಟ್ರೇ. ಜಗಳಗಂಟನ ಹಾಗಿದೆ."

"ಅದು ನಾನೇ."

"ಆಗ ಜಗಳಗಂಟರಾಗಿದ್ರೇನೋ, ನನಗೇನು ಗೊತ್ತು!" ಎಂದು ಕಣ್ಣು ಒರೆಸಿಕೊಂಡು, ಅಂಗಡಿ ತೆರೆಯಬೇಕೆಂದು ಎದ್ದು ಹೊರಟೇಹೋದಳು.

ಮೇಷ್ಟ್ರು ಕ್ಲಿನಿಕ್ಕಿನ ಬಿಳಿ ಗೋಡೆ ನೋಡುತ್ತ ಮಲಗಿದರು. ಇಷ್ಟವಾಗದ ಮುಖಕ್ಕಾಗಿ ಕೀಲುಗಳನ್ನೆಲ್ಲ ಒತ್ತೆಯಿಟ್ಟಂತಾಯಿತು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಕೀಲುಗಳ ಊತ ತಗ್ಗಲು ಕೆಲವು ವಾರ ಹಿಡಿಯಿತು. ಎದ್ದ ಕೂಡಲೇ ಬಿಸಿನೀರಿನಲ್ಲಿ ಕೈ ಇಟ್ಟು ಕೂರುವುದು, ಬೆರಳು ಬಿಡಿಸುವುದು, ತಿಂಡಿಯಾದ ಮೇಲೆ ಅಕ್ಕನ ಕಣ್ಣೆದುರೇ ಮಾತ್ರೆ ನುಂಗುವುದು. ಇಳಿಸುವ ಹೊತ್ತು ಬಂದಾಗ ಡಾಕ್ಟರಮ್ಮ ಹೇಳಿದ್ದು ಅರ್ಧ ಮಾತ್ರೆ. "ಇಷ್ಟೇನಾ?" ಎಂದರು ಮೇಷ್ಟ್ರು. "ಇಷ್ಟೇ" ಎಂದರು ಡಾಕ್ಟರಮ್ಮ. ನೋವು ಮತ್ತೆ ತಲೆಯೆತ್ತಿದರೆ ಆ ದಿನವೇ ಫೋನ್ ಮಾಡಬೇಕು, ಚಳಿ ಗಿಳಿ ಎಂದು ನೆಪ ಹೇಳಿಕೊಳ್ಳಬಾರದು ಎಂದೂ ಸೇರಿಸಿದರು.

ಅವಳು ಸಂಜೆ ಅಂಗಡಿ ಮುಚ್ಚಿ ಬಂದು ಹೋಗುತ್ತಿದ್ದಳು. ಆದರೆ ತಮ್ಮನ ಸುದ್ದಿಯಿಲ್ಲ, ತಂಟೆಯಿಲ್ಲ. ಅವಳು ಹೇಗಿದೀರಿ ಎಂದರೆ ಇವರು ಚೆನ್ನಾಗಿದೀನಿ, ನೋವಿದೆಯಾ ಎಂದರೆ ಇಲ್ಲ. ಕ್ಲಾಸುಗಳು ಮತ್ತೆ ಶುರುವಾದಾಗಲೂ ಅವಳು ಕನ್ನಡಿಯನ್ನು ನೆಟ್ಟಗೇ ಇಟ್ಟು ಓಡಿಸಿದಳು. ಅದನ್ನು ನೋಡಿ ಮೇಷ್ಟ್ರಿಗೆ ಗೆಣ್ಣು ನೋವಿಗಿಂತ ಹೆಚ್ಚು ನೋವಾಯಿತು.

"ಕೇಳೋದನ್ನ ಬಾಯಿ ಬಿಟ್ಟು ಕೇಳು" ಎಂದಳು ಅಕ್ಕ. "ಅವಳಾಗಿ ಹೇಳ್ಲಿ ಅಂತ ಕೂತ್ರೆ ನಿನ್ನ ಕೆನ್ನೆ ಇಳಿದು ಸುಕ್ಕೂ ಬಂದಿರುತ್ತೆ."

ಮುಂದಕ್ಕೆ ಹೋಗಿದ್ದ ಟೆಸ್ಟು ಕೊನೆಗೂ ಬಂತು. ಬೆಳಗಿನ ಹೊತ್ತು. ಅವಳು ಮೈದಾನದಲ್ಲಿ ಒಂದು ಸುತ್ತು ಹಾಕಿ, ಹಿಮ್ಮುಖವಾಗಿ ನಿಲ್ಲಿಸಿ, ಹತ್ತಿ ಮುಟ್ಟಿದಂತೆ ಬ್ರೇಕು ಒತ್ತಿದಳು. ಇನ್‌ಸ್ಪೆಕ್ಟರ ಟೋಪಿ ತಲೆಯ ಮೇಲೇ ಉಳಿಯಿತು. ಅವರು ನಗುತ್ತ ಇಳಿದು ಹೋದರು. ಗೇಟಿನ ಹೊರಗೆ ಕಾಯುತ್ತಿದ್ದ ಮೇಷ್ಟ್ರು ಬಂದು ಪಕ್ಕದ ಸೀಟಿನಲ್ಲಿ ಕೂತರು.

"ಪಾಸಾದೆ" ಎಂದಳು, ಫೇಲಾದವಳ ಮುಖ ಮಾಡಿಕೊಂಡು.

"ಹೂಂ. ನಾಳೆಯಿಂದ ಕ್ಲಾಸಿಲ್ಲ."

"ಇಲ್ಲ."

ಹಿಂದಿನ ಕಾರಿನವನು ಹಾರ್ನ್ ಹೊಡೆದ. ಇಬ್ಬರೂ ಅಲುಗಲಿಲ್ಲ.

"ನನ್ನ ಮುಖ ಇನ್ನೂ ಇಳಿದಿಲ್ಲ" ಎಂದು ಮೇಷ್ಟ್ರು ಶುರು ಮಾಡಿದರು. "ಇಳಿದ ಮೇಲೆ ಹೇಳೋಣ ಅಂತಿದ್ದೆ. ಆದ್ರೆ ಇಳಿದ್ರೂ ಮತ್ತೆ ಏರಬಹುದು. ಈ ಕಾಯಿಲೆ ನನ್ನ ಜೊತೆಗೇ ಇರೋದು. ಕೆಲವು ದಿನ ಶರ್ಟಿನ ಗುಂಡಿ ಹಾಕ್ಕೊಳ್ಳೋಕೂ ಆಗಲ್ಲ, ಅಂಥ ದಿನ ಸಿಡುಕ್ತೀನಿ. ಗೊರಕೆ ವಿಷಯ ಹೇಳಿದ್ನಲ್ಲ, ಅದೊಂದು ಸುಳ್ಳಲ್ಲ. ಇಷ್ಟೆಲ್ಲ ಇಟ್ಕೊಂಡು ಕೇಳ್ತಿದೀನಿ. ನೀವಂದ್ರೆ ನನಗೆ ಇಷ್ಟ. ತುಂಬಾ ಇಷ್ಟ. ನನ್ನ ಮದುವೆ ಆಗ್ತೀರಾ?"

ಅವಳು ಸ್ಟೀರಿಂಗ್ ಮೇಲಿಂದ ಎಡಗೈ ತೆಗೆದಳು, ಕನ್ನಡಿಯನ್ನು ಮೆಲ್ಲಗೆ ಎಡಕ್ಕೆ ವಾಲಿಸಿ ಅದರೊಳಗೆ ಅವರನ್ನು ನೋಡಿದಳು. ಕಣ್ಣು ತುಂಬಿತ್ತು, ತುಟಿ ನಗುತ್ತಿತ್ತು.

"ಇನ್ನು ಕೇಳೋದೇ ಇಲ್ವೇನೋ ಅಂತ ಭಯವಾಗಿತ್ತು ನನಗೆ" ಎಂದಳು. "ನಾನೇ ಕೇಳಿದ್ರೆ ಅದನ್ನೂ ತಮಾಷೆ ಅನ್ಕೊಂಡುಬಿಡ್ತೀರೇನೋ ಅಂತ. ಆಗ್ತೀನಿ. ಗುಂಡಿ ಹಾಕೋಕೆ ನನಗೆ ಬರುತ್ತೆ."

ಎನ್ನುತ್ತ ಗೇರಿನ ಮೇಲಿದ್ದ ಅವರ ಕೈಯನ್ನು ಹಿಡಿದುಕೊಂಡಳು, ಗಟ್ಟಿಯಾಗಿ. ಬೆಳಗಿನ ಬಿಗಿತ ಇನ್ನೂ ಬಿಟ್ಟಿರದ ಗೆಣ್ಣುಗಳಲ್ಲಿ ಮಿಂಚು ಹೊಡೆದಂತಾಯಿತು. ಅವರ ಕಣ್ಣ ಅಂಚು ಕಿರಿದಾಗಿದ್ದನ್ನು ಅವಳು ಕಂಡಳು.

"ನೋಯ್ತಿದೆಯಾ?"

ಇಲ್ಲ ಎನ್ನುವುದು ನಾಲಿಗೆಯ ತುದಿಯವರೆಗೆ ಬಂತು. ಮೇಷ್ಟ್ರು ಅದನ್ನು ನುಂಗಿಕೊಂಡರು.

"ನೋಯ್ತಿದೆ."

"ಬಿಡ್ಲಾ?"

"ಬೇಡ. ಸ್ವಲ್ಪ ಸಡಿಲ ಹಿಡ್ಕೊ, ಸಾಕು."

ಅವಳು ಹಿಡಿತ ಸಡಿಲಿಸಿದಳು. ಕೈ ಬಿಡಲಿಲ್ಲ.